ಬೈರಾಪಟ್ಟಣದ ಗೋಡೆಯ ಹಸು

ಎಲ್ಲಕ್ಕೂ ಕಾರಣ ಬ್ರಷ್ಷಿನ ಒಂದು ಕೂದಲು. ಬೆಳಗ್ಗೆ ಹತ್ತು ಗಂಟೆಗೆ ಅದು ಬ್ರಷ್ಷಿನಿಂದ ಕಿತ್ತು ಬಂದು ಗೋಡೆಯ ಮೇಲಿನ ಹಸುವಿನ ಬೆನ್ನಿಗೆ ಅಂಟಿಕೊಂಡಿತು. ಚೆಲುವಯ್ಯ ಅದನ್ನು ಉಗುರಿನಿಂದ ಎತ್ತಿ ತೆಗೆದ. ಹಸಿ ಬಣ್ಣದಲ್ಲಿ ಒಂದು ರೂಪಾಯಿ ಅಗಲದ ಸುತ್ತು ಉಳಿಯಿತು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು ಅವನು ಗೊರಸು ಬರೆಯಲು ಏಣಿ ಇಳಿದ.

ರಾಮನಗರ ಜಿಲ್ಲೆಯಾದ ವರ್ಷ ಅದು. ಚನ್ನಪಟ್ಟಣದಿಂದ ಬಿಡದಿಯವರೆಗೆ ರಸ್ತೆ ಬದಿಯ ಗೋಡೆಗಳ ಮೇಲಿದ್ದ ಬೀಡಿ, ಹಲ್ಲುಪುಡಿ, ಕೊಡೆ, ಸಿಮೆಂಟು, ಟ್ರ್ಯಾಕ್ಟರು ಎಲ್ಲ ಒಂದು ಕಾಲಕ್ಕೆ ಚೆಲುವಯ್ಯನ ಕೈಯಿಂದಲೇ ಬಂದವು. ಅವನ ಗುರು ಬಾಬಾಜಾನ್ ಸುಣ್ಣದ ದಾರ ಹೊಡೆದು ಗೋಡೆಯನ್ನು ಚೌಕ ಚೌಕ ಮಾಡಿ, ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರವನ್ನು ಆನೆಯಷ್ಟು ದೊಡ್ಡದು ಮಾಡುವುದನ್ನು ಕಲಿಸಿಕೊಟ್ಟಿದ್ದರು. ಈಗ ರಾಮನಗರದಲ್ಲಿ ಫ್ಲೆಕ್ಸ್ ಮೆಷೀನು ಬಂದು ಕೂತಿತ್ತು. ತಿಂಡಿ ತಿಂದು ಕೈ ತೊಳೆಯುವಷ್ಟರಲ್ಲಿ ಅದು ಇಪ್ಪತ್ತಡಿ ಚಿತ್ರ ಉಗುಳುತ್ತಿತ್ತು. ಚೆಲುವಯ್ಯನಿಗೆ ಮೂರು ತಿಂಗಳಿಂದ ಕೆಲಸವಿರಲಿಲ್ಲ.

ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಈ ಗೋಡೆ. ಹೊನ್ಗೆಚ್ಚಲು ಪಶು ಆಹಾರ ಎಂಬ ಹೊಸ ಕಂಪನಿಯ ಮನೋಹರ್, ನಾಲ್ಕು ತಾಲ್ಲೂಕಿನಲ್ಲಿ ನಲವತ್ತು ಜಾಹೀರಾತು ಹಾಕಿಸಬೇಕಿತ್ತು. "ನಾಲ್ಕು ಗಂಟೆಗೆ ಬರ್ತೀನಿ. ಜೇಬಲ್ಲಿ ಎರಡು ಪೇಪರ್ ಇರುತ್ತೆ, ಒಂದು ನಿಮ್ದು, ಒಂದು ಫ್ಲೆಕ್ಸ್‌ನೋರ್ದು. ಗೋಡೆ ನೋಡಿ ಒಂದಕ್ಕೆ ಸೈನ್ ಹಾಕ್ತೀನಿ" ಎಂದು ಹೇಳಿ, ಕಪ್ಪು ಬಿಳುಪು ಸೀಮೆಹಸುವಿನ ಚಿತ್ರವಿದ್ದ ಕರಪತ್ರವೊಂದನ್ನು ಕೊಟ್ಟುಹೋಗಿದ್ದ. ನಲವತ್ತು ಗೋಡೆ ಎಂದರೆ ಎರಡು ವರ್ಷದ ಅನ್ನ. ಇದು ತಪ್ಪಿದರೆ ಚೆಲುವಯ್ಯನ ಕೈಗೆ ಮತ್ತೆ ಬ್ರಷ್ಷು ಬರುವ ಭರವಸೆ ಇರಲಿಲ್ಲ.

ಗೋಡೆ ಬೋರಲಿಂಗಯ್ಯನದು. ಅವನ ಹೆಂಡತಿ ಅಂಕಮ್ಮ ಸಗಣಿ ಮಂಕರಿ ಹೊತ್ತು ಬಂದವಳು ಗೋಡೆಯ ಮುಂದೆ ನಿಂತುಬಿಟ್ಟಳು.

"ಅಯ್ಯೋ ಚೆಲುವಣ್ಣ, ಇದೇನ್ ಅನ್ಯಾಯ ಮಾಡ್ಬುಟ್ಟೆ! ಬೆನ್ ಮೇಲೆ ಸುಳಿ ಐತಲ್ಲಾ!"

"ಸುಳಿ ಅಲ್ಲ ಕಣಕ್ಕ, ಬ್ರಷ್ಷಿನ್ ಗುರ್ತು ಅದು."

"ಯಾವ್ದಾದ್ರೂ ಆಗ್ಲಿ, ಅಲ್ಲಿ ಸುಳಿ ಇದ್ರೆ ಮನೆ ಯಜಮಾನಿಗೆ ಆಗಾಕಿಲ್ಲ. ನನ್ನ ಕಳಿಸ್ಬೇಕು ಅಂತ ಬಂದಿದ್ದೀಯೇನು?"

ಬೋರಲಿಂಗಯ್ಯ ಜಗುಲಿಯ ಮೇಲೆ ಕೂತಿದ್ದ. ಅವನು ಸುಳಿಯನ್ನು ಒಸಿ ಆಸೆಯಿಂದಲೇ ನೋಡಿದಂತೆ ಅಂಕಮ್ಮನಿಗೆ ಕಂಡಿತು. "ಅಳಿಸು, ಇಲ್ದಿದ್ರೆ ಗೋಡೆನೇ ಕೊಡಾಕಿಲ್ಲ" ಎಂದು ಅವಳು ಮಂಕರಿ ಇಳಿಸಿ ಅಲ್ಲೇ ಕೂತಳು.

ಚೆಲುವಯ್ಯ ಸೀಮೆಎಣ್ಣೆ ಬಟ್ಟೆಯಿಂದ ಸುಳಿ ಒರೆಸಿದ. ಸುಳಿ ಹೋಯಿತು, ಜೊತೆಗೆ ಬೆನ್ನಿನ ಕಪ್ಪು ಇಳಿದು ಹೊಟ್ಟೆಯವರೆಗೆ ಹರಿಯಿತು. ಹರಿದ ಕಪ್ಪನ್ನೇ ತಿದ್ದಿ ತೀಡಿ ಹೊಸದೊಂದು ಮಚ್ಚೆ ಮಾಡುವಷ್ಟರಲ್ಲಿ ಹನ್ನೆರಡು ದಾಟಿತ್ತು.

ಅಷ್ಟರಲ್ಲಿ ದನದ ವ್ಯಾಪಾರಿ ಫಕ್ರುದ್ದೀನ್ ಆ ದಾರಿಯಲ್ಲಿ ಬಂದ. ಸುತ್ತಲ ಹತ್ತು ಹಳ್ಳಿಯಲ್ಲಿ ದನದ ವಿಷಯಕ್ಕೆ ಅವನ ಮಾತೇ ಕೊನೆ. ಅವನು ಹಲ್ಲು ನೋಡಿ ಸರಿ ಎನ್ನದೆ ಯಾರೂ ಒಂದು ಕರುವನ್ನೂ ಕೊಳ್ಳುತ್ತಿರಲಿಲ್ಲ. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಗೋಡೆಯ ಹತ್ತಿರ ಬಗ್ಗಿ ಕೆಚ್ಚಲು ನೋಡಿದ.

"ಮೂರೇ ತೊಟ್ಟು ಐತಲ್ಲ, ಚೆಲುವಣ್ಣ?"

"ಇನ್ನೊಂದು ಆಕಡೆ ಮರೆಯಾಗೈತೆ, ಸಾಬ್ರೇ."

"ಮರೆಯಾಗಿರೋದನ್ನ ನಂಬಿ ಯಾವನಾದ್ರೂ ಹಸ ತಗೋತಾನಾ?"

ಅಷ್ಟು ಹೊತ್ತಿಗೆ ಹದಿನೈದು ಜನ ಸೇರಿದ್ದರು. ಅವರೆಲ್ಲರೂ ತಗೊಳ್ಳೋದಿಲ್ಲ ಎಂದು ತಲೆಯಾಡಿಸಿದರು. ಇದು ಮಾರುವ ಹಸುವಲ್ಲ ಎಂದು ಚೆಲುವಯ್ಯ ಹೇಳಲು ಹೋದ, ಯಾರೂ ಕೇಳಿಸಿಕೊಳ್ಳಲಿಲ್ಲ. ಹಲ್ಲು ಕಚ್ಚಿಕೊಂಡು ನಾಲ್ಕನೆಯ ತೊಟ್ಟನ್ನೂ ಬರೆದ.

ಮಧ್ಯಾಹ್ನ ಒಂದೂವರೆಗೆ ಬೋರಲಿಂಗಯ್ಯ ಉಂಡು, ಎಲೆಯಡಿಕೆ ಹಾಕಿಕೊಂಡು ಹೊರಗೆ ಬಂದ. ಗೋಡೆಯನ್ನೊಮ್ಮೆ, ಮನೆಯ ಬಾಗಿಲನ್ನೊಮ್ಮೆ ನೋಡಿದ.

"ಏನ್ಲಾ ಚೆಲುವ, ಹಸ ಎತ್ಲಾಗೆ ಹೊಂಟೈತೆ?"

"ಎತ್ಲಾಗೂ ಇಲ್ಲ, ನಿಂತೈತೆ."

"ಮುಖ ರಸ್ತೆ ಕಡೆ, ಬಾಲ ಬಾಗ್ಲು ಕಡೆ. ಅಂದ್ರೆ ಲಕ್ಷ್ಮಿ ನಮ್ಮನೆ ಬುಟ್ಟು ಆಚೆ ಹೊಂಟವ್ಳೆ ಅಂತ ಊರಿಗೆಲ್ಲ ಬೋರ್ಡ್ ಹಾಕ್ದಂಗಾಯ್ತಲ್ಲೋ!"

ಜನ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹಸು ಮನೆಯೊಳಕ್ಕೆ ಬರುವ ಹಾಗಿರಬೇಕು, ಇದರಲ್ಲಿ ಎರಡನೇ ಮಾತೇ ಇಲ್ಲ ಎಂದು ತೀರ್ಮಾನವಾಯಿತು. ಚೆಲುವಯ್ಯ ಗೋಡೆಯುದ್ದಕ್ಕೂ ಕಣ್ಣಾಡಿಸಿದ. ಹನ್ನೆರಡಡಿ ಹಸುವನ್ನು ಹಿಂದುಮುಂದು ಮಾಡಬೇಕು, ಉಳಿದಿರುವುದು ಎರಡೂವರೆ ಗಂಟೆ. "ಅಣ್ಣಾ, ಕಾಲಿಗೆ ಬೀಳ್ತೀನಿ, ನಾಳೆ ತಿರುಗಿಸ್ಕೊಡ್ತೀನಿ" ಎಂದ. ಬೋರಲಿಂಗಯ್ಯ ಒಳಗೆ ಹೋಗಿ ಸುಣ್ಣದ ಡಬ್ಬ ತಂದು ಗೋಡೆಯ ಬುಡದಲ್ಲಿಟ್ಟ. ಹಸು ತಿರುಗದಿದ್ದರೆ ಗೋಡೆಗೆ ಸುಣ್ಣ ಎಂಬುದೇ ಅದರ ಅರ್ಥ.

ಚೆಲುವಯ್ಯ ಏಣಿ ಹತ್ತಿದ. ತಲೆಯನ್ನು ಒರೆಸಿ ಅಲ್ಲಿ ಹಿಂಭಾಗ ತಂದ, ಬಾಲವಿದ್ದ ಕಡೆ ಕೊರಳು ಎಬ್ಬಿಸಿದ. ಕರಪತ್ರ ಗಾಳಿಗೆ ಹಾರಿ ಚರಂಡಿಗೆ ಬಿತ್ತು, ಹಿಂದೆ ಹೋಗಲು ಹೊತ್ತಿರಲಿಲ್ಲ. ಕೆಳಗಿನಿಂದ ಮಾತು ಬರುತ್ತಲೇ ಇತ್ತು. "ಕೊರಳ ಕೆಳಗಿನ ಗಂಗೆದೊಗಲು ಒಸಿ ಇಳೀಲಿ." "ಕಣ್ಣು ಹಂಗಲ್ಲ, ಕರ ಕಂಡಾಗ ಬತ್ತದಲ್ಲ, ಆ ಕಣ್ಣು." "ಕೊಂಬು ಹಿಂದಕ್ಕೆ ಬಾಗ್ಲಿ, ನಮ್ಮನೆ ಹಸ ಗೌರಿದಂಗೆ." ಮೊದಮೊದಲು ಅವನು ಬೈದುಕೊಂಡೇ ಬರೆದ. ಆಮೇಲೆ ಅವರು ಹೇಳುತ್ತಿರುವುದು ನಿಜ ಎನಿಸಿತು. ಕೈ ತಾನಾಗಿ ಓಡಿತು. ಬಾಬಾಜಾನ್ ಇದ್ದಿದ್ದರೆ ನೋಡಬೇಕಿತ್ತು ಎಂದುಕೊಂಡ, ಕಣ್ಣಲ್ಲಿ ನೀರು ಬಂತು. ಸೀಮೆಯಿಂದ ಹೊರಟಿದ್ದ ಹಸು ಸಂಜೆಯೊಳಗೆ ಬೈರಾಪಟ್ಟಣಕ್ಕೆ ಬಂದು ಸೇರಿತು.

ಅದರ ಮೇಲೆ ಎರಡಡಿ ಎತ್ತರದ ಕೆಂಪಕ್ಷರದಲ್ಲಿ 'ಹೊನ್ಗೆಚ್ಚಲು ಪಶು ಆಹಾರ' ಎಂದು ಬರೆದು ಕೊನೆಯ ಚುಕ್ಕೆ ಇಡುವಾಗ ಮನೋಹರನ ಬೈಕು ಬಂದು ನಿಂತಿತು. ಸರಿಯಾಗಿ ನಾಲ್ಕು.

ಮನೋಹರ್ ಹೆಲ್ಮೆಟ್ ತೆಗೆದವನು ಹಾಗೇ ನಿಂತ. ದಾರಿಯಲ್ಲಿ ಹೋಗುತ್ತಿದ್ದ ನಿಜವಾದ ಕರುವೊಂದು ಗೋಡೆಯ ಹತ್ತಿರ ಬಂದು ಮೂಸಿ ನೋಡಿತು. ಮನೋಹರನ ಮುಖ ಅರಳಿತು. "ಚೆಲುವಯ್ಯನವ್ರೇ, ಜೀವ ತುಂಬಿಬಿಟ್ಟಿದ್ದೀರಲ್ರೀ! ಇದರ ಮುಂದೆ ಫ್ಲೆಕ್ಸ್ ಯಾವ ಲೆಕ್ಕ?" ಎಂದು ಜೇಬಿನಿಂದ ಕಾಗದ ತೆಗೆದು ಬೈಕಿನ ಸೀಟಿನ ಮೇಲೆ ಹರವಿದ. ಪೆನ್ನಿನ ಮುಚ್ಚಳ ಬಿಚ್ಚಿದ. ಚೆಲುವಯ್ಯ ಏಣಿಯ ಮೇಲಿಂದ ಆ ಪೆನ್ನಿನ ತುದಿಯನ್ನೇ ನೋಡಿದ.

ಆದರೆ ಮನೋಹರನಿಗೆ ಅಷ್ಟು ಜನರನ್ನು ಕಂಡು ಹುರುಪು ಬಂದುಬಿಟ್ಟಿತು. ಪೆನ್ನು ಹಿಡಿದೇ ಅವರ ಕಡೆ ತಿರುಗಿದ.

"ಏನ್ ಯಜಮಾನ್ರೇ, ಹೇಗಿದೆ ಹಸು?"

"ಬಂಗಾರ! ಬಂಗಾರ!" ಎಂದರು ಎಲ್ಲರೂ.

"ಹಾಗಾದ್ರೆ ಹೇಳಿ ನೋಡೋಣ, ಈ ಹಸು ಏನ್ ತಿಂದು ಹೀಗಾಯ್ತು?"

ಉತ್ತರ ಮೇಲೆಯೇ ಎರಡಡಿ ಎತ್ತರಕ್ಕಿತ್ತು. ಆದರೆ ಯಾರೂ ಮೇಲೆ ನೋಡಲಿಲ್ಲ, ಎಲ್ಲರೂ ಫಕ್ರುದ್ದೀನನ ಕಡೆ ನೋಡಿದರು. ಅವನು ಟೋಪಿ ಸರಿಮಾಡಿಕೊಂಡು ಗೋಡೆಯ ಹತ್ತಿರ ಹೋದ. ಮೈಯ ಹೊಳಪು ನೋಡಿದ, ಕಣ್ಣು ನೋಡಿದ, ಹೊಟ್ಟೆಯ ಇಳಿತವನ್ನು ಬದಿಗೆ ನಿಂತು ಅಳೆದ. ಚೆಲುವಯ್ಯನಿಗೆ ಒಳ್ಳೆಯದಾಗಲಿ ಎಂಬುದೇ ಅವನ ಮನಸ್ಸು. ಅದಕ್ಕೇ ಒಂದು ಕೂದಲೂ ಬಿಡದೆ ನೋಡಿದ.

"ಹಸಿಹುಲ್ಲು. ರಾಗಿಹುಲ್ಲು. ಸಂಜೆ ಒಸಿ ಬೇಯಿಸಿದ ಹುರುಳಿ. ಕಂಪ್ನಿ ಚೀಲದ ತಿಂಡಿನ ಈ ಹಸ ಹುಟ್ಟಿದಾಗಿಂದ ಮೂಸೂ ನೋಡಿಲ್ಲ ಸಾರ್."

"ಮೂಸಿಲ್ಲ, ಮೂಸಿಲ್ಲ" ಎಂದಿತು ಜನ.

"ಸಾಬ್ರೇ, ಮ್ಯಾಲೆ ಒಸಿ ಓದಿ!" ಎಂದು ಚೆಲುವಯ್ಯ ಏಣಿಯ ಮೇಲಿಂದ ಕೂಗಿದ.

"ಓದೋದೇನ್ ಬಂತು ಚೆಲುವಣ್ಣ? ಚೀಲದ ತಿಂಡಿ ತಿಂದಿದ್ರೆ ಹೊಟ್ಟೆ ಉಬ್ಬರ ಇರ್ತಿತ್ತು, ಈ ಹೊಳಪು ಬತ್ತಿತ್ತಾ? ನೀನೇ ಬರ್ದಿರೋದು, ಸುಳ್ ಹೇಳಾಕಾಗ್ತದಾ?"

"ನಮ್ಮನೆಗೆ ಇಂಥ ಹಸನೇ ಬರ್ಬೇಕು. ನಾವೂ ನಾಳಿಂದ ಚೀಲ ತರೋದು ಬುಟ್ಬುಡ್ತೀವಿ" ಎಂದಳು ಅಂಕಮ್ಮ. ನಾಲ್ಕಾರು ಹೆಂಗಸರು ಹೌದು ಹೌದು ಎಂದರು.

ಮನೋಹರ್ ಪೆನ್ನಿಗೆ ಮುಚ್ಚಳ ಹಾಕಿದ. ಕಾಗದ ಮಡಿಸಿ ಜೇಬಿಗಿಟ್ಟು, ಇನ್ನೊಂದನ್ನು ತೆಗೆದು ನಿಂತಲ್ಲೇ ಸೈನ್ ಹಾಕಿದ.

"ಸಾರ್, ಚಿತ್ರದಲ್ಲಿ ಏನಾದ್ರೂ ತಪ್ಪೈತಾ?" ಎಂದ ಚೆಲುವಯ್ಯ.

"ತಪ್ಪೇ ಇಲ್ಲ ಕಣ್ರೀ, ಅದೇ ತೊಂದರೆ. ಫ್ಲೆಕ್ಸ್ ಹಸುನ ಯಾರೂ ಇಷ್ಟು ಹೊತ್ತು ನೋಡಲ್ಲ. ನೋಡದೇ ಇದ್ರೆ ಹೆಸರಾದ್ರೂ ಓದ್ತಾರೆ." ಬೈಕು ಚನ್ನಪಟ್ಟಣದ ಕಡೆ ಹೊರಟುಹೋಯಿತು.

ಚೆಲುವಯ್ಯ ಏಣಿಯ ಮೆಟ್ಟಿಲ ಮೇಲೇ ಕೂತ. ಅಂಕಮ್ಮ ಒಳಗಿನಿಂದ ಅರಿಶಿನ ಕುಂಕುಮ ತಂದು ಹಸುವಿನ ಹಣೆಗೆ ಹಚ್ಚಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈಮುಗಿದರು. ಬೋರಲಿಂಗಯ್ಯ ಬಂದು ಅವನ ಮಂಡಿಯ ಮೇಲೆ ಕೈಯಿಟ್ಟ. ಸಮಾಧಾನ ಹೇಳುತ್ತಾನೆ ಎಂದುಕೊಂಡು ಚೆಲುವಯ್ಯ ತಲೆಯೆತ್ತಿದ.

"ಬೇಜಾರ್ ಮಾಡ್ಕೋಬೇಡ ಕಣ್ಲಾ, ದೇವ್ರಂಥ ಹಸ ಬರ್ದಿದ್ದೀಯ" ಎಂದ ಬೋರಲಿಂಗಯ್ಯ. ಸುಣ್ಣದ ಡಬ್ಬವನ್ನು ಕಾಲಿನಿಂದ ಹತ್ತಿರಕ್ಕೆ ತಳ್ಳಿದ. "ಹೆಂಗೂ ಏಣಿ ಮೇಲೇ ಇದ್ದೀಯ. ಅದರ ತಲೆ ಮ್ಯಾಲೆ ಅದೇನೋ ಕೆಂಪಗೆ ಗೀಚಿದ್ದೀಯಲ್ಲ, ಅದೊಂದು ಅಳಿಸ್ಬುಟ್ಟು ಹೋಗು."