ಅಕ್ಕಾರು ಬಾಯಿಪಾಠ ಮಾಡಿದ ಪಾಸ್‌ವರ್ಡು

ಗುಟ್ಟು ಎನ್ನುವುದು ನಮ್ಮ ಕಡೆಯ ಹವೆಗೆ ಒಗ್ಗದ ಬೆಳೆ. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತವನನ್ನು ಪರಿಚಯದವರೂ ಅಲ್ಲದವರೂ "ಎತ್ತಾಗ ಹೊಂಟ್ರಿ?" ಎಂದು ಕೇಳದೆ ಮುಂದೆ ಹೋಗುವುದಿಲ್ಲ. "ಬಾಗೇವಾಡಿಗೆ" ಎಂದರೆ ಸಾಲದು. ಯಾರ ಮನೆಗೆ, ಯಾಕೆ, ಊಟ ಅಲ್ಲೋ ಇಲ್ಲೋ ಎಂಬುದನ್ನೂ ಹೇಳಬೇಕು. ಹೇಳದಿದ್ದರೆ, ನಮಗೆ ಭಾಳ ಸೊಕ್ಕು ಬಂದಿದೆ ಎಂಬ ಸುದ್ದಿ ನಮಗಿಂತ ಮೊದಲೇ ಬಾಗೇವಾಡಿ ಮುಟ್ಟಿರುತ್ತದೆ. ಇಂಥ ಊರಿನಲ್ಲಿ ನಾನು ಗುಟ್ಟು ಕಾಯುವ ಕೆಲಸಕ್ಕೆ ಸೇರಿದ್ದೆ. ಕಂಡಕಂಡವರ ದನಿಯನ್ನೆಲ್ಲ ಅಣಕಿಸಿಕೊಂಡು ತಿರುಗುವವನನ್ನು ಅಂಥ ಕೆಲಸಕ್ಕೆ ಯಾಕೆ ತೆಗೆದುಕೊಂಡರೆಂದರೆ, ಊರಲ್ಲಿ ಟೈಪಿಂಗ್ ಬರುವ ಬೇರೆ ಯಾರೂ ಖಾಲಿ ಇರಲಿಲ್ಲ.

ನಮ್ಮದು ಮಾನವ ಹಕ್ಕುಗಳ ಸಂಘ. ಹೆಸರು ದೊಡ್ಡದು, ಆಫೀಸು ಮಾತ್ರ ಹಿಟ್ಟಿನ ಗಿರಣಿಯ ಮೇಲಿನ ಒಂದು ಖೋಲಿ. ಅಧ್ಯಕ್ಷರು ಒಬ್ಬ ವಕೀಲರು. "ಮತ್ತ... ಏನಪಾ ಅಂದ್ರ..." ಎಂದು ಎರಡು ಸಲ ಗಂಟಲು ಸರಿಮಾಡಿಕೊಳ್ಳದೆ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಆ ಗಂಟಲನ್ನು ನಾನು ಅವರಿಗಿಂತ ಚೆನ್ನಾಗಿ ತೆಗೆಯುತ್ತೇನೆಂಬುದು ನನ್ನ ಖಾತ್ರಿ. ಆಫೀಸಿನ ಉಸ್ತುವಾರಿ ಕಾಶೀಬಾಯಿ ಅಕ್ಕಾರದು. ಸಾಲಿಯ ಟೀಚರಿಕೆಯಿಂದ ನಿವೃತ್ತರಾಗಿದ್ದರೂ ಟೀಚರಿಕೆ ಅವರಿಂದ ನಿವೃತ್ತವಾಗಿರಲಿಲ್ಲ.

ಆಗಷ್ಟೇ ಊರಿಗೆ ಸೈಬರ್ ಕೆಫೆ ಬಂದಿತ್ತು. ಅದರ ಮಾಲೀಕ ಇಸ್ಮಾಯಿಲ್ ಭಾಯ್‌ಗೆ ಅರ್ಧ ಊರಿನ ಪಾಸ್‌ವರ್ಡುಗಳು ಗೊತ್ತಿದ್ದವು, ಏಕೆಂದರೆ ಜನ ಅಲ್ಲಿ ಬೆಂಚಿನ ಮೇಲೆ ಕುಳಿತು "ಭಾಯ್, ನಮ್ದು ತಗೀರಿ" ಎನ್ನುತ್ತಿದ್ದರು. ಟೈಪಿಂಗ್ ಬರುವ ನಾನೂ ಹಾಗೇ ಮಾಡುತ್ತಿದ್ದೆ. ಅವನ ಕೀಬೋರ್ಡು ಮುಟ್ಟುವುದೆಂದರೆ ಅವನ ಅಡುಗೆಮನೆಗೆ ನುಗ್ಗಿದ ಹಾಗೆ. ಅವನು ಮೇಲ್ ತೆಗೆದು, ಓದಿ, ನಮಗಿಂತ ಮೊದಲು ತಾನೇ ಮುಖ ಸಣ್ಣದು ಮಾಡಿಕೊಂಡು, "ಅಕ್ಕಾರ, ಧಾರವಾಡದವ್ರು ಮೀಟಿಂಗ್ ಮುಂದ ಹಾಕ್ಯಾರ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಸಮಾಧಾನ ಹೇಳುತ್ತಿದ್ದ.

ರೇಣವ್ವ ಬರುವವರೆಗೆ ಇದು ಚೆನ್ನಾಗಿಯೇ ನಡೆದಿತ್ತು. ಸಿಂದಗಿ ಕಡೆಯ ಒಂದು ಇಟ್ಟಂಗಿ ಭಟ್ಟಿಯಲ್ಲಿ ಆಕೆಯನ್ನೂ ಮಕ್ಕಳನ್ನೂ ಕೂಡಿಹಾಕಿ ದುಡಿಸುತ್ತಿದ್ದರು. ಹೇಗೋ ತಪ್ಪಿಸಿಕೊಂಡು ಬಂದು ಕೇಸು ಹಾಕಿದ್ದಳು. ಸಿಂದಗಿ ಕೋರ್ಟಿನಲ್ಲಿ ಆಕೆ ಸಾಕ್ಷಿ ಹೇಳುವ ಮೊದಲೇ ಆಕೆಯನ್ನು ಹಿಡಿಯಬೇಕೆಂದು ಭಟ್ಟಿಯ ಮಂದಿ ಊರೂರು ಹುಡುಕುತ್ತಿದ್ದರು. ನಾವು ಆಕೆಯನ್ನು ಇಂಡಿ ಪಟ್ಟಣದ ಒಂದು ಮನೆಯಲ್ಲಿ ಅಡಗಿಸಿಟ್ಟಿದ್ದೆವು. ಆ ಮನೆಯ ವಿಳಾಸ ನಮ್ಮ ಮೇಲ್‌ನಲ್ಲಿತ್ತು.

ವಕೀಲರು ಹೆದರಿ, ಹುಬ್ಬಳ್ಳಿಯಿಂದ ಕಂಪ್ಯೂಟರ್ ಬಲ್ಲ ಹುಡುಗನೊಬ್ಬನನ್ನು ಕರೆಸಿದರು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂದು ಅವನು ಪಾಠ ಮಾಡಿದ.

"ಗಂಡಗೂ ಹೇಳಬಾರದೇನ್ರಿ?" ಎಂದರು ಅಕ್ಕಾರು.

"ಹೇಳಬಾರದ್ರಿ."

"ಅದೇನ್ ಹೊಸಾದಲ್ಲ ಬಿಡ್ರಿ."

ಅವನು ಅಕ್ಷರ, ಅಂಕಿ ಕಲಸಿ ಉದ್ದನೆಯ ಪಾಸ್‌ವರ್ಡೊಂದನ್ನು ಮಾಡಿ, ವಕೀಲರಿಗೂ ಅಕ್ಕಾರಿಗೂ ಕಿವಿಯಲ್ಲಿ ಹೇಳಿಹೋದ. ನನಗೆ ಹೇಳಲಿಲ್ಲ. ಅವಮಾನವಾಯಿತು. ಎರಡು ದಿನ ಬಿಟ್ಟು ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಆಫೀಸಿಗೆ ಫೋನು ಹಚ್ಚಿ, ವಕೀಲರ ಗಂಟಲು ತೆಗೆದೆ. "ಮತ್ತ... ಏನಪಾ ಅಂದ್ರ, ಅಕ್ಕಾರ, ಪಾಸ್‌ವರ್ಡ್ ಮರತೇನ್ರಿ."

ಅಕ್ಕಾರು ಒಂದೊಂದೇ ಅಕ್ಷರ ಹೇಳತೊಡಗಿದರು. ಗಿರಣಿಯ ಗದ್ದಲದಲ್ಲಿ ವಕೀಲರಿಗೆ ಕೇಳಲಿಕ್ಕಿಲ್ಲವೆಂದು ಕೂಗಿಯೇ ಹೇಳಿದರು. ರಿಸೀವರಿಗಿಂತ ರಸ್ತೆಯ ಮೇಲಿಂದಲೇ ಸ್ಪಷ್ಟವಾಗಿ ಕೇಳುತ್ತಿತ್ತು. ನಡುವೆ ತಡವರಿಸಿದಾಗ ಕೆಳಗಿನಿಂದ ಗಿರಣಿಯವನು "ಅಕ್ಕಾರ, ಈಗ ಏಳು ಬರತೈತಿ!" ಎಂದು ಎತ್ತಿಕೊಟ್ಟ. ಆಮೇಲೆ ತಿಳಿಯಿತು, ಅಕ್ಕಾರು ಅದನ್ನು ಎರಡು ದಿನದಿಂದ, ನಾನಿಲ್ಲದ ಹೊತ್ತು ನೋಡಿ, ಮಗ್ಗಿಯ ಹಾಗೆ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರಂತೆ. ಹಿಟ್ಟು ಬೀಸಿಸಲು ಬಂದವರಿಗೆಲ್ಲ ಅದು ಬರುತ್ತಿತ್ತು.

ಹೊಟ್ಟೆ ಹಿಡಿದು ನಗುತ್ತ ರಸ್ತೆ ದಾಟಿದೆ. ನಡುರಸ್ತೆಯಲ್ಲಿ ನಗೆ ನಿಂತಿತು. ನನಗೆ ಹೇಳಿದವರು ಭಟ್ಟಿಯವರಿಗೂ ಹೇಳುತ್ತಾರಲ್ಲ! ಮೆಟ್ಟಿಲೇರಿ ನಿಜ ಹೇಳಿದೆ. ಅಕ್ಕಾರು ಮೊದಲು ನನ್ನ ಕಿವಿ ಹಿಂಡಿದರು, ಆಮೇಲೆ ಗಾಬರಿಯಾದರು. ಕೂಡಲೇ ಕೆಫೆಗೆ ಓಡಿ ಪಾಸ್‌ವರ್ಡು ಬದಲಿಸಿದೆವು. "ಭಾಯ್, ಸ್ವಲ್ಪ ಆಕಡೆ ಮಾರಿ ಮಾಡ್ರಿ" ಎಂದದ್ದಕ್ಕೆ ಇಸ್ಮಾಯಿಲ್ ಭಾಯ್, "ನಾ ಏನ್ ಹೊರಗಿನಾಂವೇನ್ರಿ ಅಕ್ಕಾರ?" ಎಂದು ಕಣ್ಣಲ್ಲಿ ನೀರು ತಂದ. ಅವನ ಮನೆಯ ಚಹಾ ಕುಡಿದು ಅವನನ್ನು ಸಮಾಧಾನ ಮಾಡಬೇಕಾಯಿತು.

ಸಾಕ್ಷಿಯ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಅಕ್ಕಾರು ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದರು. "ಏ ಮಂಗ್ಯಾ! ಪಿಎಸ್‌ಐ ಅಂತ ಪಿಎಸ್‌ಐ! ನಮ್ಮ ಮೇಲ್‌ನ್ಯಾಗ ಕಳ್ಳ ಹೊಕ್ಕಾನಂತ, ಇಂವ ಚೆಕ್ ಮಾಡ್ತಾನಂತ! ಮೀಸಿ ಚಿಗತಿಲ್ಲ, ಠಾಣೆ ಬೇಕಾತೇನ್ಲೇ ನಿನಗ? ಪಾಸ್‌ವರ್ಡ್ ಬೇಕಾದ್ರ ಬಾ ಇಲ್ಲಿ, ಇನ್ನೊಂದ್ ಕಿವೀನೂ ಹಿಂಡತೇನಿ!" ಬೈಸಿಕೊಳ್ಳುತ್ತಿರುವ ಬಡಪಾಯಿಯ ಬಗ್ಗೆ ಕನಿಕರಪಡುತ್ತ ಬಾಗಿಲಲ್ಲಿ ನಿಂತೆ. ಅಕ್ಕಾರು ನನ್ನನ್ನು ನೋಡಿದರು. ರಿಸೀವರನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

"ನೀ ಇಲ್ಲಿ ಅದೀ... ಹಂಗಾರ ಇಂವ ಯಾಂವ?"

ಆ ಕಡೆಯವನು ಫೋನು ಇಟ್ಟುಬಿಟ್ಟ. ನಿಜವಾದ ಪಿಎಸ್‌ಐ ಆಗಿದ್ದರೆ ನಮ್ಮ ಗತಿ ಏನು, ಆಗಿರದಿದ್ದರೆ ರೇಣವ್ವನ ಗತಿ ಏನು? ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ಇಬ್ಬರೂ ಸಂಜೆವರೆಗೆ ಎರಡಕ್ಕೂ ಹೆದರಿದೆವು.

ಮರುದಿನ ರೇಣವ್ವ ವಕೀಲರ ಜೊತೆ ಸುರಕ್ಷಿತವಾಗಿ ಸಿಂದಗಿ ಕೋರ್ಟಿಗೆ ಬಂದಳು. ಭಟ್ಟಿ ಮಾಲೀಕನ ಕಡೆ ಒಮ್ಮೆಯೂ ನೋಡದೆ ಹೇಳಿದಳು: "ಹೊರಗಿಂದ ಕೀಲಿ ಹಾಕ್ತಿದ್ರು ಸಾಹೇಬ್ರ. ಕೂಸು ಅತ್ತರೂ ತಗೀತಿರಲಿಲ್ಲ." ನನಗೆ ಯಾರನ್ನೂ ಅಣಕಿಸಬೇಕೆನಿಸಲಿಲ್ಲ.

ಹೊರಗೆ ಅಂಗಳದಲ್ಲಿ ಭಟ್ಟಿಯ ಮುಕಾದಮ, ಅಂದರೆ ಆಳುಗಳ ಮೇಲ್ವಿಚಾರಕ, ಸೀದಾ ಅಕ್ಕಾರ ಹತ್ತಿರ ಬಂದು ಕೈಮುಗಿದ. ಮುಖ ಊದಿತ್ತು. "ಅಕ್ಕಾರ, ನಿನ್ನೆ ಅಷ್ಟ ಬೈಬಾರದಿತ್ರಿ. ನಾ ಸಾಲ್ಯಾಗ ನಿಮ್ಮ ಕೈಯಾಗ ಮೂರನೇ ಕ್ಲಾಸ್ ಕಲ್ತಾಂವ. ಮಂಗ್ಯಾ ಅಂದಿದ್ದು ಮನಸಿಗೆ ಹತ್ತೇತಿ."

ವಕೀಲರು ಎರಡು ಸಲ ಗಂಟಲು ಸರಿಮಾಡಿಕೊಂಡರು. "ಮತ್ತ... ಏನಪಾ ಅಂದ್ರ, ನಿನ್ನೆ ಫೋನ್ ಮಾಡಿದ ಪಿಎಸ್‌ಐ ನೀನ?" ಮುಕಾದಮ ನಾಲಿಗೆ ಕಚ್ಚಿಕೊಂಡು ಮಾಲೀಕನ ಕಡೆ ನೋಡಿದ. ಮಾಲೀಕ ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದ, ಕಾಲಲ್ಲೇ ಇದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಎದೆ ಎರಡು ಸೀಟು ಅಗಲವಾಗಿತ್ತು. "ಅಕ್ಕಾರ, ಏನ ಅನ್ರಿ, ನನ್ನ ಕಲಾ ಇರದಿದ್ರ ರೇಣವ್ವ ಉಳೀತಿರಲಿಲ್ಲ. ನನ್ನ ಹೆದರಿಕಿಗೇ ನೀವು ಫೋನಿನ್ಯಾಗ ಯಾರನ್ನೂ ನಂಬಲಿಲ್ಲ."

"ಯಾವ ಕಲಾನೋ? ಆ ಮುಕಾದಮನ ದನಿ ಪಿಎಸ್‌ಐ ಹಂಗ ಒಂಚೂರೂ ಇರಲಿಲ್ಲ. ಇಷ್ಟ ಕೆಟ್ಟ ದನಿ ತಗಿಯಾಂವ ಊರಾಗ ನೀ ಒಬ್ನ ಅಂತ ಬೈದೆ."

"ಮತ್ತ ಅವತ್ತ ವಕೀಲರ ದನಿ ನಂಬಿದ್ರಲ್ಲ?"

"ಅದಾ? ವಕೀಲ್ರಿಗೆ ಭಾಳ ನೆಗಡಿ ಆಗೇತಿ ಅಂತ ತಿಳಕೊಂಡಿದ್ನಿ. ಪಾಪ, ಕಷಾಯಾ ಮಾಡಿ ಕಳಸಬೇಕಂತಿದ್ನಿ."

ಮುದ್ದೇಬಿಹಾಳ ಬರುವವರೆಗೆ ನಾನು ಯಾರ ದನಿಯಲ್ಲೂ ಮಾತಾಡಲಿಲ್ಲ, ನನ್ನದರಲ್ಲೂ.