ಶಂಭು ಭಟ್ಟರು ‘ಏಳನೇ ತಿರುವು’ ನೋಡಲು ಹೊರಟದ್ದು

ಶಂಭು ಭಟ್ಟರು ಪಂಚಾಂಗ ಕೈಯಲ್ಲಿ ಹಿಡಿದು ಸುಳ್ಳು ಹೇಳಿದ್ದು ಜೀವಮಾನದಲ್ಲಿ ಒಂದೇ ಸಲ. ಆ ಒಂದು ಸುಳ್ಳಿನಿಂದ ಅವರು ಪಟ್ಟ ಪಾಡು ಬಾಳೂರಿನಲ್ಲಿ ಅವರ ಹೆಂಡತಿಯನ್ನು ಬಿಟ್ಟರೆ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನೀವೂ ಹೇಳಲು ಹೋಗಬೇಡಿ.

ನಡೆದದ್ದು ಇಷ್ಟು. ಮಾರ್ಚ್ ಅರ್ಧ ಕಳೆದರೂ ಹೂಮಳೆ ಬಂದಿರಲಿಲ್ಲ. ಆ ಒಂದು ಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ಎಂಟು ದಿನದಲ್ಲಿ ಕಾಫಿ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಕಲಾಗುತ್ತದೆ, ವರ್ಷದ ಬೆಳೆಯ ಆಸೆ ಬಿಡಬೇಕು. ಸ್ಪ್ರಿಂಕ್ಲರ್ ಹಾಕೋಣವೆಂದರೆ ಕೆರೆಗಳಲ್ಲಿ ಕೆಸರು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಹಾಗಾಗಿ ಊರಿನ ಬೆಳೆಗಾರರೆಲ್ಲ ಸೇರಿ, ದೊಡ್ಡ ಪ್ಲಾಂಟರ್ ತಿಮ್ಮಪ್ಪಗೌಡರನ್ನು ಮುಂದೆ ಮಾಡಿಕೊಂಡು, ಈಶ್ವರ ದೇವಸ್ಥಾನದ ಅರ್ಚಕರಾದ ಶಂಭು ಭಟ್ಟರ ಮನೆಗೆ ಬಂದರು. ಮಳೆಗಾಗಿ ಪರ್ಜನ್ಯ ಜಪ ಮಾಡಿಸಬೇಕು, ಒಂದು ಒಳ್ಳೆಯ ದಿನ ನೋಡಿಕೊಡಿ ಎಂದರು.

ಶನಿವಾರ ಬಹಳ ಒಳ್ಳೆಯ ದಿನವಾಗಿತ್ತು. ಆದರೆ ಶನಿವಾರ ಸಂಜೆ ಚಿಕ್ಕಮಗಳೂರಿನ ಹೊರಗಿನ ಒಂದು ಮೈದಾನದಲ್ಲಿ ‘ಏಳನೇ ತಿರುವು’ ಎಂಬ ರಾಕ್ ಬ್ಯಾಂಡಿನ ಕಾರ್ಯಕ್ರಮವಿತ್ತು, ಅದರ ಟಿಕೆಟ್ ಭಟ್ಟರ ಫೋನಿನಲ್ಲಿತ್ತು. ಭಟ್ಟರು ಎರಡು ಸಲ ಪುಟ ತಿರುವಿ, ಹುಬ್ಬು ಗಂಟಿಕ್ಕಿ, ಭಾನುವಾರ ಒಂದನ್ನು ಬಿಟ್ಟರೆ ಇನ್ನು ಹದಿನೈದು ದಿನ ಜಪಕ್ಕೆ ಯೋಗ್ಯವಾದ ದಿನವೇ ಇಲ್ಲ ಎಂದುಬಿಟ್ಟರು. ಎಲ್ಲರೂ ಕೈಮುಗಿದು ಹೋದರು. ಬುಧವಾರ ಭಟ್ಟರ ಫೋನಿಗೆ ಸಂದೇಶ ಬಂತು: ವೇದಿಕೆಯ ಸಾಮಾನು ಬರುವುದು ತಡವಾದ್ದರಿಂದ ಕಾರ್ಯಕ್ರಮ ಭಾನುವಾರಕ್ಕೆ ಹೋಗಿದೆ.

ಭಟ್ಟರಿಗೆ ಈಗ ಮೂವತ್ತಾರು. ಹನ್ನೊಂದು ವರ್ಷದ ಕೆಳಗೆ ಕಳಸದಲ್ಲಿ ಹೋಮ ಮುಗಿಸಿ ಯಾರದೋ ಜೀಪಿನಲ್ಲಿ ಬರುವಾಗ ಮೊದಲ ಸಲ ಈ ಬ್ಯಾಂಡಿನ ಹಾಡು ಕಿವಿಗೆ ಬಿದ್ದಿತ್ತು. ಹಾಡುಗಾರನ ಹೆಸರು ಪ್ರಶಾಂತ್. ಹೆಸರಿಗೆ ಮಾತ್ರ ಪ್ರಶಾಂತ್. ಮೈಕ್ ಹಿಡಿದರೆ ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡು ಓಡಬೇಕು, ಅಂಥ ಗಂಟಲು. ಅಂದಿನಿಂದ ದೇವಸ್ಥಾನದ ಹಿತ್ತಾಳೆ ದೀಪ ತಿಕ್ಕುವಾಗ, ಹೂ ಕೊಯ್ಯುವಾಗ, ಭಟ್ಟರ ಕಿವಿಯಲ್ಲಿ ಪ್ರಶಾಂತನೇ. ಆ ಬ್ಯಾಂಡಿನ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲೂ ಭಟ್ಟರಿದ್ದರು. ಅಲ್ಲಿ ಎಲ್ಲರೂ ತಾವು ಕಣ್ಣಾರೆ ನೋಡಿದ ಕಾರ್ಯಕ್ರಮದ ಅನುಭವ ಬರೆಯುತ್ತಿದ್ದರು. ಒಬ್ಬನಿಗೆ ಡ್ರಮ್ ಬಾರಿಸುವ ಕೋಲು ಸಿಕ್ಕಿತ್ತು. ಒಬ್ಬಳು ಕುಣಿದ ಭರದಲ್ಲಿ ಎರಡೂ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆ ಸೇರಿದ್ದಳು. ಮೂರು ದಿನ ಕಿವಿ ಗುಂಯ್ ಎನ್ನುತ್ತಿತ್ತು ಎಂದು ಇನ್ನೊಬ್ಬ ಪ್ರಶಸ್ತಿ ಬಂದವನ ಹಾಗೆ ಬರೆದಿದ್ದ. ಭಟ್ಟರಿಗೆ ಬರೆಯಲು ಏನೂ ಇರಲಿಲ್ಲ. ಬ್ಯಾಂಡ್ ಹಾಸನಕ್ಕೆ ಬಂದಾಗ ಒಂದು ಶ್ರಾದ್ಧ, ಮಂಗಳೂರಿಗೆ ಬಂದಾಗ ಒಂದು ಗೃಹಪ್ರವೇಶ, ಹೀಗೆ ಏನಾದರೊಂದು ಅಡ್ಡ ಬರುತ್ತಿತ್ತು. ಒಂದೇ ಒಂದು ಸಲ ಆ ಗುಂಪಿನಲ್ಲಿ ನಿಂತು ಕಿವಿ ಗುಂಯ್ ಅನ್ನಿಸಿಕೊಳ್ಳಬೇಕು ಎಂಬುದು ಅವರ ಬಹಳ ದಿನದ ಆಸೆ. ಪಾಪ, ಅದರಲ್ಲಿ ತಪ್ಪೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಚೀಲದೊಳಗೆ ಮಡಿಬಟ್ಟೆಯ ಕೆಳಗೆ ಬ್ಯಾಂಡಿನ ಹೆಸರಿದ್ದ ಕಪ್ಪು ಟೀ ಶರ್ಟ್ ತುರುಕುತ್ತಿದ್ದ ಗಂಡನನ್ನು ನೋಡಿ ಅಂಬುಜಾ ಬಾಗಿಲಿಗೆ ಒರಗಿ ನಿಂತಳು.

“ಬಯಲಲ್ಲಿ ತಾನೇ ನಿಮ್ಮ ಹಾಡು? ಹಾಗಾದ್ರೆ ಇವತ್ತು ದೇವ್ರ ಹತ್ರ ಎಂತ ಕೇಳ್ತೀರಿ? ಮಳೆ ಬೇಕು ಅಂತಲೋ, ಬೇಡ ಅಂತಲೋ?”

ಭಟ್ಟರು ಟೀ ಶರ್ಟನ್ನು ಇನ್ನೂ ಒಳಕ್ಕೆ ತಳ್ಳಿದರು. ಅದೇ ಪ್ರಶ್ನೆ ರಾತ್ರಿಯಿಡೀ ಅವರನ್ನು ಕಾಡಿತ್ತು.

ದೇವಸ್ಥಾನದ ಅಂಗಳದಲ್ಲಿ, ಮದುವೆ ಮನೆಯಲ್ಲಿ ಪಾಯಸ ಕಾಯಿಸುವ ದೊಡ್ಡ ತಾಮ್ರದ ಕೊಪ್ಪರಿಗೆಯನ್ನು ಇಟ್ಟು ನೀರು ತುಂಬಿಸಿದ್ದರು. ಪದ್ಧತಿಯಂತೆ ಅದರೊಳಗೆ ಎದೆಮಟ್ಟ ನೀರಿನಲ್ಲಿ ಕುಳಿತು ಭಟ್ಟರು ಜಪ ಶುರು ಮಾಡಿದರು. ಸುತ್ತಲೂ ಊರಿಗೆ ಊರೇ ಕೂತಿತ್ತು. ನಿವೃತ್ತ ಮೇಷ್ಟ್ರು ಚಂದ್ರಶೇಖರಪ್ಪನವರು ಫೋನು ಹಿಡಿದು ವಿಡಿಯೋ ಮಾಡುತ್ತಿದ್ದರು. ಊರಿನಲ್ಲಿ ಯಾವ ಸುದ್ದಿಯಾದರೂ ಜಿಲ್ಲೆಗೆ ಹಂಚುವ ಕೆಲಸವನ್ನು ಯಾರೂ ಹೇಳದೆಯೇ ಅವರು ವಹಿಸಿಕೊಂಡಿದ್ದರು.

ಭಟ್ಟರ ಬಾಯಿ ವರುಣನನ್ನು ಕರೆಯುತ್ತಿತ್ತು, ಮನಸ್ಸು ಬಾಗಿಲು ಹಾಕುತ್ತಿತ್ತು. ‘ಸ್ವಾಮಿ, ಬರಬೇಡ ಅನ್ನಲಿಕ್ಕೆ ನಾನ್ಯಾರು. ಆದರೆ ಇವತ್ತೊಂದು ದಿನ ಬೇಡ. ನಾಳೆ ಬೆಳಗಿನ ಜಾವಕ್ಕೆ ಬೇಕಾದರೂ ಬಾ, ಇಡೀ ವಾರ ಸುರಿ, ನಾನು ಕೇಳುವುದಿಲ್ಲ.’ ಎದುರಿಗೆ ತಿಮ್ಮಪ್ಪಗೌಡರ ಹೆಂಡತಿ ವಿಮಲಮ್ಮ ಕಣ್ಣುಮುಚ್ಚಿ ಕೈಮುಗಿದು ಕೂತಿದ್ದರು. ಅವರ ಮುಖ ನೋಡಿದಾಗಲೆಲ್ಲ ಭಟ್ಟರಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗೆ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಅದನ್ನು ಭಕ್ತಿಯೆಂದು ತಿಳಿದು ಹತ್ತಿರದಿಂದ ಚಿತ್ರೀಕರಿಸಿಕೊಂಡರು.

ಹನ್ನೆರಡಕ್ಕೆ ಜಪದ ಸಂಖ್ಯೆ ಮುಗಿಯಿತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಎರಡು ಗಂಟೆಯ ಬಸ್ಸು ಸಿಕ್ಕೇ ಸಿಗುತ್ತದೆ ಎಂದು ಭಟ್ಟರು ಸಂತೋಷದಿಂದ ಏಳಲು ಹೊರಟರು. ಮೇಷ್ಟ್ರು ಬಿಡಲಿಲ್ಲ. ಇಷ್ಟು ಮಾಡಿದ ಮೇಲೆ ಇನ್ನೊಂದು ಆವರ್ತನ ಆಗಿಬಿಡಲಿ ಎಂದರು. ಎಲ್ಲರೂ ಹೌದು ಹೌದು ಎಂದರು. ಭಟ್ಟರು ಮತ್ತೆ ಮುಳುಗಿದರು. ಈ ಸಲ ಬೇಡ ಬೇಡ ಎಂದು ಒಳಗೊಳಗೇ ಬೇಡಿಕೊಂಡದ್ದು ಎಷ್ಟು ಜೋರಾಗಿತ್ತೆಂದರೆ ಮಂತ್ರ ಎರಡು ಕಡೆ ತಪ್ಪಿತು.

ಎರಡು ಗಂಟೆಗೆ ಗುಡ್ಡದ ಹಿಂದೆ ಗುಡುಗಿತು. ಎರಡೂ ಹತ್ತಕ್ಕೆ ದಪ್ಪ ಹನಿ ಬಿತ್ತು. ಆಮೇಲೆ ಆಕಾಶವೇ ಕಳಚಿಬಿತ್ತು.

ಒಬ್ಬರೂ ಕೊಡೆ ಬಿಚ್ಚಲಿಲ್ಲ. ಅರವತ್ತು ದಾಟಿದ ತಿಮ್ಮಪ್ಪಗೌಡರು ಅಂಗಳದ ನಡುವೆ ಮುಖ ಮೇಲೆ ಮಾಡಿ ನಿಂತುಬಿಟ್ಟರು. ವಿಮಲಮ್ಮ ಅಳುತ್ತಿದ್ದರು, ನಗುತ್ತಲೂ ಇದ್ದರು. ಭಟ್ಟರಿಗೆ ಒಂದು ಕಡೆ ಬಸ್ಸು ತಪ್ಪಿದ ಸಂಕಟವಿದ್ದರೂ ಇನ್ನೊಂದು ಕಡೆ ಸಮಾಧಾನವಾಯಿತು. ಇಷ್ಟು ಜನರ ಬೆಳೆ ಉಳಿಯಿತಲ್ಲ ಎಂದುಕೊಂಡರು. ಆರು ಗಂಟೆ ಹೊತ್ತು ನೀರಿನಲ್ಲಿ ಮಡಿಸಿಕೊಂಡಿದ್ದ ಕಾಲು ಮಾತ್ರ ಬಿಚ್ಚಲು ಬರಲಿಲ್ಲ. ನಾಲ್ಕು ಜನ ಕಂಕುಳಿಗೆ ಕೈಕೊಟ್ಟು ಅವರನ್ನು ಎತ್ತಿ ಹೊರಗಿಟ್ಟರು. ಅದೂ ವಿಡಿಯೋದಲ್ಲಿ ಸೇರಿತು.

ಮಳೆ ನಿಂತ ಕೂಡಲೇ ಎಲ್ಲರ ಫೋನೂ ಬಡಿದುಕೊಳ್ಳತೊಡಗಿತು. ಹೂಮಳೆಯ ಕಾಲದಲ್ಲಿ ಇಲ್ಲಿ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ನಿಮ್ಮಲ್ಲಿ ಎಷ್ಟಾಯ್ತು ಎಂದು ಕೇಳುತ್ತಾರೆ. ಗೌಡರ ಮಳೆ ಅಳೆಯುವ ಮಾಪಕದಲ್ಲಿ ಒಂದು ಇಂಚು ಹತ್ತು ಸೆಂಟ್ಸ್ ಬಂದಿತ್ತು, ನೂರು ಸೆಂಟ್ಸಿಗೆ ಒಂದು ಇಂಚು. ಮೇಷ್ಟ್ರು ಆ ಲೆಕ್ಕವನ್ನು ವಿಡಿಯೋದ ಕೆಳಗೆ ಬರೆದು ಜಿಲ್ಲೆಯ ಎಲ್ಲ ಗುಂಪುಗಳಿಗೂ ಕಳಿಸಿದರು.

ಬಸ್ಸು ಹೋಗಿಯಾಗಿತ್ತು. ಪರಿಚಯದವರ ಒಂದು ಕಾರ್ಯಕ್ರಮಕ್ಕೆ ಚಿಕ್ಕಮಗಳೂರಿಗೆ ಹೋಗಲೇಬೇಕು ಎಂದು ಭಟ್ಟರು ಮೆಲ್ಲಗೆ ಹೇಳಿದಾಗ ಗೌಡರು ಜೀಪಿನ ಕೀಲಿ ತೆಗೆದುಕೊಂಡರು. ಭಟ್ಟರು ಬೇಡವೆಂದರೂ ಕೇಳಲಿಲ್ಲ. ಇವತ್ತು ನಿಮ್ಮನ್ನು ಬಾಗಿಲ ತನಕ ನಾನೇ ಬಿಡುತ್ತೇನೆ, ಅವರಿಗೂ ನೀವು ಎಂಥವರೆಂದು ಗೊತ್ತಾಗಲಿ ಎಂದರು.

ಗೊತ್ತು ಮಾಡಿಸುವ ಕೆಲಸವನ್ನು ಅವರು ದಾರಿಯಲ್ಲೇ ಶುರು ಮಾಡಿದರು. ಮೂಡಿಗೆರೆ ತಲುಪುವುದರೊಳಗೆ ಮೂರು ಎಸ್ಟೇಟಿನ ಗೇಟಿನಲ್ಲಿ ಜೀಪು ನಿಂತಿತು. ಮೂರು ಕಡೆಯೂ ಕಾಫಿ, ಮೂರು ಕಡೆಯೂ ನಮಸ್ಕಾರ. ಆಲ್ದೂರಿನ ಹತ್ತಿರ ಗೌಡರ ಸ್ನೇಹಿತರಾದ ಓಂಕಾರಪ್ಪನವರು ವಿಡಿಯೋ ನೋಡಿ ರಸ್ತೆಗೇ ಬಂದು ಕಾಯುತ್ತಿದ್ದರು. ಅವರ ತೋಟಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಜಪ ಏನೂ ಬೇಡ, ನಮ್ಮ ತೋಟದಲ್ಲಿ ಐದು ನಿಮಿಷ ಸುಮ್ಮನೆ ನಿಂತರೆ ಸಾಕು ಎಂದು ಅವರು ಕೈ ಹಿಡಿದುಕೊಂಡರು. ಭಟ್ಟರು ಗಡಿಯಾರ ನೋಡುತ್ತ ರೋಬಸ್ಟಾ ಗಿಡಗಳ ಮಧ್ಯೆ ನಿಂತರು. ಐದು ನಿಮಿಷ ಇಪ್ಪತ್ತಾಯಿತು. ಆ ಕಡೆ ಈ ಕಡೆ ತಿರುಗಿ ನಿಲ್ಲಿ ಎಂದೂ ಹೇಳಿದರು. ತಿರುಗಿ ನಿಂತರು.

ವಸ್ತಾರೆ ದಾಟುವಾಗ ಭಟ್ಟರು ಜೀಪಿನಲ್ಲೇ ಅಂಗಿ ಬದಲಿಸಿದರು. ಕಪ್ಪು ಟೀ ಶರ್ಟಿನ ಮೇಲಿದ್ದ ತಲೆಬುರುಡೆಯನ್ನು ಗೌಡರು ಒಂದು ಕ್ಷಣ ನೋಡಿ, ಶಿವನಿಗೆ ಸಂಬಂಧಪಟ್ಟದ್ದಿರಬೇಕು ಎಂದುಕೊಂಡು ಸುಮ್ಮನಾದರು.

ಮೈದಾನ ತಲುಪಿದಾಗ ಏಳು ಗಂಟೆ. ನೆಲ ಒಣಗಿತ್ತು. ಒಳಗಿನಿಂದ ಗಿಟಾರಿನ ತಂತಿ ಸರಿಮಾಡುವ ಸದ್ದು ಬರುತ್ತಿತ್ತು, ಸಾವಿರಾರು ಜನ ಒಟ್ಟಿಗೆ ಕೂಗುತ್ತಿದ್ದರು. ಹನ್ನೊಂದು ವರ್ಷದ ಆಸೆಗೂ ಭಟ್ಟರಿಗೂ ಮಧ್ಯೆ ಈಗ ಒಂದು ಗೇಟು ಮಾತ್ರ. ಅವರು ಫೋನು ತೆಗೆದು ಟಿಕೆಟ್ ತೋರಿಸಿದರು. ಗೇಟಿನವನು ಟಿಕೆಟ್ ನೋಡಲಿಲ್ಲ, ಭಟ್ಟರ ಮುಖ ನೋಡಿದ. ಆಮೇಲೆ ತನ್ನ ಫೋನು ನೋಡಿದ. ಮತ್ತೆ ಮುಖ ನೋಡಿ, ಒಳಗೆ ಓಡಿದ.

ಕಾರ್ಯಕ್ರಮ ಏರ್ಪಡಿಸಿದ್ದ ಮೋಹಿತ್ ಎಂಬ ಹುಡುಗ ಏದುಸಿರು ಬಿಡುತ್ತ ಬಂದ. ಮಧ್ಯಾಹ್ನದಿಂದ ಅವನು ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದ. ಮುಳ್ಳಯ್ಯನಗಿರಿಯ ಕಡೆ ಒಂದು ಕರಿ ಮೋಡ ಆಗಲೇ ಕೂತಿತ್ತು. ಅವನು ಭಟ್ಟರ ಕಾಲು ಮುಟ್ಟಿ ನಮಸ್ಕರಿಸಿದ.

“ಗುರುಗಳೇ, ತಪ್ಪು ತಿಳ್ಕೋಬೇಡಿ. ನೀವು ಒಳಗೆ ಬರ್ಬೇಡಿ. ಮೇಲೆ ಸೂರಿಲ್ಲ, ಎಲ್ಲ ಕರೆಂಟಿನ ಸಾಮಾನು. ಒಂದು ಮಳೆ ಬಂದ್ರೆ ನನ್ನ ಕಥೆ ಮುಗೀತು.”

ಭಟ್ಟರಿಗೆ ಮೊದಲು ನಗು ಬಂತು. ಇದೊಂದು ದೊಡ್ಡ ತೊಡಕೇ ಅಲ್ಲ. ಮಳೆ ಬಂದದ್ದು ನನ್ನಿಂದಲ್ಲ ಮಾರಾಯ, ಆ ಕೊಪ್ಪರಿಗೆಯಲ್ಲಿ ಕೂತು ಆರು ಗಂಟೆ ನಾನು ಕೇಳಿದ್ದೇ ಮಳೆ ಬೇಡ ಎಂದು, ನನ್ನ ಮಾತಿಗೆ ಮೇಲೆ ಮೂರು ಕಾಸಿನ ಬೆಲೆಯಿಲ್ಲ, ಧೈರ್ಯವಾಗಿ ಒಳಗೆ ಬಿಡು ಎಂದರೆ ಮುಗಿಯಿತು. ಹೇಳಲು ಬಾಯಿ ತೆರೆದರು.

ಪಕ್ಕದಲ್ಲಿ ತಿಮ್ಮಪ್ಪಗೌಡರು ನಿಂತಿದ್ದರು. ಮಳೆಯಲ್ಲಿ ನೆನೆದ ಪಂಚೆ ಮೈಮೇಲೇ ಒಣಗಿ ಮುದುಡಿತ್ತು. ಮುಖದಲ್ಲಿ ಮೊದಲ ಮೊಮ್ಮಗುವನ್ನು ಎತ್ತಿಕೊಂಡ ಅಜ್ಜನ ಸಂತೋಷವಿತ್ತು.

ಭಟ್ಟರು ಬಾಯಿ ಮುಚ್ಚಿದರು. ನಿಜ ಹೇಳಿದರೆ ಗೇಟು ತೆರೆಯುತ್ತದೆ, ಆದರೆ ಬಾಳೂರಿನಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮುದುಕನ ಮುಖದ ಸಂತೋಷ ತನ್ನ ಒಂದು ಮಾತಿಗೆ ಇಳಿದುಹೋಗುವುದನ್ನು ನೋಡಲು ಅವರಿಗೆ ಮನಸ್ಸು ಬರಲಿಲ್ಲ. ಕೊನೆಗೆ, ಹಾಗೇನೂ ಆಗುವುದಿಲ್ಲಪ್ಪ, ನಾನು ಒಂದು ಮೂಲೆಯಲ್ಲಿ ನಿಂತುಕೊಳ್ಳುತ್ತೇನೆ ಎಂದಷ್ಟೇ ಗೊಣಗಿದರು.

ಗೌಡರಿಗೆ ಈ ವಿನಯ ಸಹಿಸಲಾಗಲಿಲ್ಲ.

“ಭಟ್ರು ಹಾಗೇ ಹೇಳೋದು. ದೊಡ್ಡೋರು, ತಮ್ಮ ಬಗ್ಗೆ ಹೇಳ್ಕೊಳ್ಳಲ್ಲ. ನೋಡು ಮರಿ, ಇವ್ರು ಒಳಗೆ ಕಾಲಿಟ್ರೆ ಅರ್ಧ ಗಂಟೇಲಿ ಮಳೆ. ನಾನು ಗ್ಯಾರಂಟಿ.”

ಮೋಹಿತ್ ಎರಡೂ ಕೈಯಿಂದ ಗೇಟು ಹಿಡಿದುಕೊಂಡ. ಸುತ್ತ ನಿಂತಿದ್ದ ಬ್ಯಾಂಡಿನ ಅಭಿಮಾನಿಗಳೂ ಕೈಮುಗಿದರು. ಅವರಲ್ಲಿ ಇಬ್ಬರು ವಾಟ್ಸಾಪ್ ಗುಂಪಿನವರೇ; ಹೆಸರು ಕೇಳಿ ಗುರುತು ಹಿಡಿದು, ನಮಗೋಸ್ಕರ ಹೋಗಿಬಿಡಿ ಭಟ್ರೇ ಎಂದು ಬೇಡಿಕೊಂಡರು. ಭಟ್ಟರು ಜೀಪು ಹತ್ತಿದರು. ವಸ್ತಾರೆಯವರೆಗೂ ಹಿಂದೆ ತಿರುಗಿ ನೋಡುತ್ತಲೇ ಇದ್ದರು. ಗೌಡರು ಮಾತ್ರ, ನಿಮ್ಮ ಹೆಸರು ಕೇಳಿದರೆ ಪೇಟೆಯವರೂ ನಡುಗುತ್ತಾರೆ ನೋಡಿ ಎಂದು ದಾರಿಯುದ್ದಕ್ಕೂ ಹೆಮ್ಮೆಪಟ್ಟರು.

ಮೈದಾನಕ್ಕೆ ಒಂದು ಹನಿಯೂ ಬೀಳಲಿಲ್ಲ. ಮೋಡ ಬಂದ ದಾರಿಯಲ್ಲೇ ಹೋಯಿತು. ಬ್ಯಾಂಡಿನ ಇಷ್ಟು ವರ್ಷದಲ್ಲಿ ಇಂಥ ಕಾರ್ಯಕ್ರಮವೇ ಆಗಿಲ್ಲ ಎಂದು ಗುಂಪಿನಲ್ಲಿ ಎಲ್ಲರೂ ಬರೆದರು. ಭಟ್ಟರು ಹೋದದ್ದರಿಂದಲೇ ಮಳೆ ತಪ್ಪಿತು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಮನೆಗೆ ಬಂದಾಗ ಫೋನು ಬಂತು. ಗೊತ್ತಿಲ್ಲದ ನಂಬರು. “ನಮಸ್ಕಾರ” ಎಂಬ ಒಂದೇ ಮಾತಿಗೆ ಭಟ್ಟರು ಕೂತಲ್ಲಿಂದ ಎದ್ದು ನಿಂತರು. ಆ ಗಂಟಲನ್ನು ಅವರು ನಿದ್ದೆಗಣ್ಣಲ್ಲೂ ಗುರುತಿಸಬಲ್ಲರು.

“ನಾನು ಪ್ರಶಾಂತ್, ಸರ್. ‘ಏಳನೇ ತಿರುವು’ ಬ್ಯಾಂಡಿಂದ. ನಿನ್ನೆ ಗೇಟ್ ತನಕ ಬಂದು ವಾಪಸ್ ಹೋದ್ರಂತೆ. ಮೋಹಿತ್ ಹೇಳಿದ್ರು. ತುಂಬಾ ದೊಡ್ಡ ಮನಸ್ಸು ನಿಮ್ದು.”

ಭಟ್ಟರು ಕೈಸನ್ನೆ ಮಾಡಿ ಅಂಬುಜಾಳನ್ನು ಕರೆದು ಫೋನಿಗೆ ಕಿವಿ ಕೊಡಿಸಿದರು. ಪ್ರಶಾಂತ್ ಮುಂದುವರಿಸಿ, ಮೇ ತಿಂಗಳವರೆಗೆ ನಮ್ಮದು ಇನ್ನೂ ಆರು ಕಾರ್ಯಕ್ರಮಗಳಿವೆ, ಎಲ್ಲವೂ ಬಯಲಿನಲ್ಲೇ, ತಾರೀಖು ಹೇಳುತ್ತೇನೆ, ಬರೆದುಕೊಳ್ಳುತ್ತೀರಾ ಎಂದ. ಭಟ್ಟರು ಸಿಕ್ಕಿದ ಪೆನ್ನು ಹಿಡಿದು ಗೋಡೆಯ ಕ್ಯಾಲೆಂಡರಿನಲ್ಲಿ ಹಾಸನ, ಶಿವಮೊಗ್ಗ, ಸಕಲೇಶಪುರ ಎಂದು ಆರಕ್ಕೆ ಆರನ್ನೂ ಗುರುತು ಹಾಕಿದರು. ಅಂಬುಜಾ ಖುಷಿಯಿಂದ ಗಂಡನ ಬೆನ್ನು ತಟ್ಟಿದಳು.

“ಯಾವ ಗೇಟಿಗೆ ಬರ್ಲಿ?” ಎಂದು ಭಟ್ಟರು ಕೇಳಿದರು.

ಪ್ರಶಾಂತ್ ಹೆಸರಿಗೆ ತಕ್ಕ ಹಾಗೆ ಬಹಳ ಮೆತ್ತಗೆ ಹೇಳಿದ.

“ಬರ್ಬೇಡಿ ಅನ್ನೋಕೇ ತಾರೀಖು ಕೊಟ್ಟಿದ್ದು ಸರ್. ಆ ಆರು ದಿನ ದಯವಿಟ್ಟು ನೀವು ಬಾಳೂರಲ್ಲೇ ಇದ್ಬಿಡಿ.”

ಭಟ್ಟರು ಆಗಲಿ ಎಂದರು. ಹನ್ನೊಂದು ವರ್ಷದಲ್ಲಿ ಪ್ರಶಾಂತ್ ಭಟ್ಟರೊಬ್ಬರನ್ನೇ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ, ಇಲ್ಲ ಎನ್ನಲು ಅವರಿಂದ ಆಗಲಿಲ್ಲ.