ಮೂರು ಕಿಲೋಗೆ ನೂರು ಗ್ರಾಂ ಕಡಿಮೆ

ಮಗು ಹುಟ್ಟಿ ಎರಡು ದಿನವಾಗಿತ್ತು. ಆಸ್ಪತ್ರೆಯವರೆಲ್ಲ ‘ಆರೋಗ್ಯವಾಗಿದೆ’ ಎಂದು ಸಾರಿದ್ದರು. ಮಗುವೂ ವಾರ್ಡು ನಡುಗುವಂತೆ ಕಿರುಚಿ ಅದಕ್ಕೆ ರುಜು ಹಾಕಿತ್ತು. ಹೆತ್ತ ತಾಯಿ, ಲೆಕ್ಕದ ಟೀಚರಮ್ಮನ ಕಣ್ಣು ಮಾತ್ರ ತೊಟ್ಟಿಲಿಗೆ ಕಟ್ಟಿದ್ದ ಚೀಟಿಯ ಮೇಲೇ ಇತ್ತು. ಎರಡು ಕಿಲೋ ಒಂಬೈನೂರು ಗ್ರಾಂ. ಮೂರಕ್ಕೆ ನೂರು ಗ್ರಾಂ ಕಡಿಮೆ! (ಮಕ್ಕಳ ಉತ್ತರಪತ್ರಿಕೆಯಲ್ಲಿ ಅರ್ಧ ಅಂಕವನ್ನೂ ಬಿಡದ ಹೆಂಗಸು ನೂರು ಗ್ರಾಂ ಬಿಟ್ಟಾಳೆಯೇ?)

“ಆ ನೂರು ಗ್ರಾಂ ಎಲ್ಲಿ ಹೋಯ್ತು ಅಂತ ನಂಗೊತ್ತು ರೀ” ಎಂದಳು ಗಂಡನಿಗೆ, ಮೂಗು ಒರೆಸಿಕೊಳ್ಳುತ್ತ.

“ಗೊತ್ತಿದ್ರೆ ಹೇಳು, ಹೋಗಿ ತರ್ತೀನಿ” ಎಂದ ಆ ಪುಣ್ಯಾತ್ಮ.

“ತಮಾಷೆ ಬೇಡ. ತಪ್ಪೆಲ್ಲ ನನ್ನದೇ.”

ಡಾಕ್ಟರಮ್ಮ ಬಂದದ್ದೇ ತಡ, ಪಕ್ಕದಲ್ಲಿ ಅತ್ತೆ ಕೂತಿದ್ದಾರೆ ಅನ್ನೋದನ್ನೂ ಮರೆತು ಬಾಯಿಬಿಟ್ಟಳು. “ಮಗು ಬೇಕು ಅಂತ ಮೊದಲ ಸಲ ಬಂದಾಗ, ಬಸಿರಾಗೋಕೆ ಮುಂಚಿನಿಂದಲೇ ದಿನಾ ನಲವತ್ತು ನಿಮಿಷ ನಡೀರಿ, ನಿಮಗೂ ಒಳ್ಳೇದು, ಹುಟ್ಟೋ ಮಗುವಿಗೂ ಒಳ್ಳೇದು ಅಂದಿದ್ರಿ. ನಾನು ನಡೀಲೇ ಇಲ್ಲ ಡಾಕ್ಟ್ರೇ!”

“ದಿನಾ ಬೆಳಗ್ಗೆ ಶೂ ಬಿಗಿದು ಪಾರ್ಕಿಗೆ ಹೋಗ್ತಿದ್ಯಲ್ಲೇ?” ಗಂಡ ಕಣ್ಣರಳಿಸಿದ.

“ಹೋಗ್ತಿದ್ದೆ. ಹೋಗಿ ಬೆಂಚಿನ ಮೇಲೆ ಕೂತು ವ್ಯಾಯಾಮದ ಪುಸ್ತಕ ಓದ್ತಿದ್ದೆ. ಓದಿ ಮುಗಿಸಿ ನಾಳೆಯಿಂದ ಶಾಸ್ತ್ರೋಕ್ತವಾಗಿ ಶುರುಮಾಡೋಣ ಅಂತ… ಹೀಗೇ ಎಂಟು ತಿಂಗಳು.”

ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿ, ಕಾಲು ಮಡಿಸಿ ಬಿಡಿಸಿ ನೋಡಿದರು. ಅದು ಅವರಿಗೇ ಒಂದು ಒದೆ ಕೊಟ್ಟಿತು.

“ಪಾರ್ಕು ಮನೆಯಿಂದ ಎಷ್ಟು ದೂರ?”

“ಇಪ್ಪತ್ತು ನಿಮಿಷ.”

“ಹೇಗೆ ಹೋಗ್ತಿದ್ರಿ?”

“ನಡ್ಕೊಂಡೇ.”

“ವಾಪಸ್ಸು?”

“ನಡ್ಕೊಂಡೇ. ಇನ್ನೊಂದು ಇಪ್ಪ…” ತೆರೆದ ಬಾಯಿ ತೆರೆದೇ ಉಳಿಯಿತು.

“ಕೂಡಿ ಹೇಳಿ, ಟೀಚರ್” ಎಂದರು ಡಾಕ್ಟರಮ್ಮ. “ಇನ್ನು ಎರಡು ಒಂಬೈನೂರು ಒಳ್ಳೇ ತೂಕಾನೇ. ನಿಮ್ಮ ಮಗಳು ಯಾವುದರಲ್ಲೂ ಕಮ್ಮಿ ಇಲ್ಲ.”

ಅಷ್ಟು ದಿನದ ಅಳುಕು ಒಂದನೇ ಕ್ಲಾಸಿನ ಲೆಕ್ಕದಲ್ಲಿ ಕರಗಿಹೋಯಿತು. ಮಗಳನ್ನು ಎದೆಗವಚಿಕೊಂಡು ಅತ್ತಳು, ನಕ್ಕಳು. ಗಂಡನೂ ನಕ್ಕ. ಅತ್ತೆ ನಗಲಿಲ್ಲ.

“ಅಂದ್ರೆ ನೀನು ಕೂತು ಓದ್ತಿದ್ದಾಗ ನಾನು ಮನೆಗೆಲ್ಲ ತಿಂಡಿ ಮಾಡಿ, ನಿನ್ನ ಡಬ್ಬಿ ಕಟ್ಟಿ, ‘ಪಾಪ, ಸೊಸೆ ಬೆವರು ಸುರಿಸ್ತಿದಾಳೆ’ ಅಂತ ಮರುಗ್ತಿದ್ನಾ?”

ಟೀಚರಮ್ಮ ಮಗುವಿನ ಟೋಪಿ ಸರಿಮಾಡತೊಡಗಿದಳು. (ಅದು ಸರಿಯಾಗೇ ಇತ್ತು.)

ಅತ್ತೆ ಡಾಕ್ಟರಮ್ಮನತ್ತ ತಿರುಗಿದರು. “ನನ್ನ ವಯಸ್ಸಿನವರೂ ನಡೆದರೆ ಒಳ್ಳೇದು ಅಲ್ವಾ?”

“ತುಂಬಾ ಒಳ್ಳೇದಮ್ಮ.”

“ಸರಿ. ನೀನು ಚೆನ್ನಾಗಿ ಸುಧಾರಿಸ್ಕೋ ಮಗಳೇ, ಅವಸರ ಇಲ್ಲ. ಆಮೇಲೆ ಬೆಳಗಿನ ಅಡುಗೆಮನೆ ನಿನ್ನದು, ಪಾರ್ಕು ನನ್ನದು.” ಸೊಸೆಯ ಹೊದಿಕೆ ಸರಿಪಡಿಸುತ್ತ ಮೆಲ್ಲಗೆ ಕೇಳಿದರು: “ಆ ಬೆಂಚಿಗೆ ನೆರಳಿದೆ ತಾನೆ?”